ಮೆನಿಂಜೈಟಿಸ್ ಮರಳಿ ಬಂದರೆ?

ತೀವ್ರ ಜ್ವರ, ಸಿಡಿಯುವ ತಲೆನೋವು, ವಾಂತಿ, ಬಗ್ಗಿಸಲಾಗದಂತೆ ಬಿಗಿದ ಕತ್ತು. ಮಿದುಳು ಹಾಗೂ ಬೆನ್ನುಹುರಿಯನ್ನು ಹೊದ್ದಿರುವ ಪೊರೆಗೆ ಸೋಂಕು ತಗುಲಿದಾಗ ಕಾಣುವ ಲಕ್ಷಣಗಳಿವು. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ರೋಗಿ ಚೇತರಿಸಿಕೊಂಡರೆ ‘ಗಂಡಾಂತರ ಕಳೆಯಿತು’ ಎಂದು ಮನೆಯವರು ನಿರಾಳರಾಗುತ್ತಾರೆ. ಹೆಚ್ಚಿನವರ ಪಾಲಿಗೆ ಅದು ನಿಜವೂ ಹೌದು. ಆದರೆ ಕೆಲವರಿಗೆ ರೋಗ ಎರಡನೆಯ, ಮೂರನೆಯ ಬಾರಿಯೂ ಬರುತ್ತದೆ.

ಹೀಗೇಕೆ? ವೈದ್ಯರು ಮೊದಲು ಹುಡುಕುವುದು ರೋಗಾಣುಗಳು ನುಸುಳುವ ಕಳ್ಳದಾರಿಯನ್ನು. ತಲೆಗೆ ಪೆಟ್ಟು ಬಿದ್ದು ಬುರುಡೆಯ ತಳ ಬಿರುಕು ಬಿಟ್ಟಿದ್ದರೆ ಮೂಗಿನಿಂದ ನೀರಿನಂಥ ದ್ರವ ಸೋರಬಹುದು. ಅಂಥ ದಾರಿ ಇಲ್ಲವೆಂದಾದರೆ ರಕ್ತದತ್ತ ನೋಡಬೇಕು.

ರಕ್ತದ ಕಾವಲುಗಾರರು

ರಕ್ತದಲ್ಲಿ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಪಡೆಯಿದೆ. ಇದನ್ನು ಅಭ್ಯಸಿಸಿದ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಅವರಿಗೆ 1919ನೇ ಸಾಲಿನ ನೊಬೆಲ್ ಪ್ರಶಸ್ತಿ ಸಂದಿತು. ಪಡೆಯ ಕೊನೆಯ ಸಾಲಿನ ಸಿ5ರಿಂದ ಸಿ9ರವರೆಗಿನ ಐದು ಪ್ರೋಟೀನುಗಳು ಒಂದುಗೂಡಿ ರೋಗಾಣುವಿನ ಹೊರಪದರಕ್ಕೆ ತೂತು ಕೊರೆದು ಕೊಲ್ಲುತ್ತವೆ. ಇವುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದಿದ್ದರೆ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. ವಿಚಿತ್ರವೆಂದರೆ, ಇಂಥವರು ಉಳಿದಂತೆ ಆರೋಗ್ಯವಂತರಾಗಿಯೇ ಇರುತ್ತಾರೆ. ಮೊದಲ ಪೆಟ್ಟು ಬೀಳುವುದು ಹಲವು ಬಾರಿ ಹದಿಹರೆಯದಲ್ಲಿ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಪ್ರತಿಕಾಯಗಳೇ ಇಲ್ಲದೆ ಹುಟ್ಟುವ ಮಕ್ಕಳೂ ಉಂಟು. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡನ್ ಬ್ರೂಟನ್, ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಬಾಲಕನ ರಕ್ತದಲ್ಲಿ ಗಾಮಾಗ್ಲೊಬ್ಯುಲಿನ್ ಇಲ್ಲದ್ದನ್ನು ಕಂಡರು. ಹೊರಗಿನಿಂದ ಅದನ್ನು ಚುಚ್ಚಿದಾಗ ಹುಡುಗ ಸುಧಾರಿಸಿದ. ಇಂದಿಗೂ ಇಂಥ ಮಕ್ಕಳಿಗೆ ಅದೇ ಆಸರೆ.

ಒಡಹುಟ್ಟಿದವರಿಗೂ ಪರೀಕ್ಷೆ

ಸಿ5ರಿಂದ ಸಿ9ರವರೆಗಿನ ಕೊರತೆ ತಂದೆ, ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಹೆತ್ತವರು ಆರೋಗ್ಯವಾಗಿದ್ದರೂ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಇರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯುಳ್ಳ ನಮ್ಮಲ್ಲಿ ಇದನ್ನು ಮರೆಯುವಂತಿಲ್ಲ.

ಪತ್ತೆಗೆ ‘ಸಿಎಚ್50’ ಎಂಬ ರಕ್ತಪರೀಕ್ಷೆಯಿದೆ. ಕಾಯಿಲೆಯ ಸಮಯದಲ್ಲಿ ಕಾಂಪ್ಲಿಮೆಂಟ್ ಖರ್ಚಾಗಿರುವುದರಿಂದ, ಗುಣವಾದ ಮೇಲೆ ಪರೀಕ್ಷಿಸುವುದು ಒಳ್ಳೆಯದು. ಕೊರತೆ ಖಚಿತವಾದರೆ ಎ, ಸಿ, ಡಬ್ಲ್ಯು, ವೈ ಹಾಗೂ ಬಿ ಗುಂಪಿನ ಮೆನಿಂಗೊಕಾಕಸ್ ಲಸಿಕೆಗಳನ್ನು ಪಡೆದು, ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಲಸಿಕೆ ಪಡೆದರೂ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಒಮ್ಮೆ ಬಂದದ್ದು ದುರದೃಷ್ಟವಿರಬಹುದು. ಎರಡನೆಯ ಬಾರಿಯೂ ಬಂದರೆ ‘ಏಕೆ?’ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಆ ಉತ್ತರ ರೋಗಿಯ ಜೊತೆಗೆ ಅವರ ತಮ್ಮ, ತಂಗಿಯ ಜೀವವನ್ನೂ ಉಳಿಸೀತು.