ಕರೆಂಟ್ ಹೋದರೂ ದಾರಿ ಕಾಣಬೇಕು

2010ರ ಫೆಬ್ರವರಿ 23. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತು. ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿತು. 9 ಜನ ಪ್ರಾಣ ಕಳೆದುಕೊಂಡರು.

ಬೆಂಕಿ ಬಿದ್ದಾಗ ಕರೆಂಟ್ ಹೋದರೆ ಹೊರಗಿನ ದಾರಿ ತೋರಿಸೋದು ಎಮರ್ಜೆನ್ಸಿ ಲೈಟ್. ನಿಮ್ಮ ಆಫೀಸಿನದ್ದು ಉರಿಯುತ್ತಾ?

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಮೆಟ್ಟಿಲು, ಕಾರಿಡಾರ್ ತಿರುವು, ಎಕ್ಸಿಟ್ ಬೋರ್ಡ್, ಯಾವುದನ್ನೂ ಬಿಡಬೇಡಿ. ಚಾರ್ಜಿಂಗ್ ಸೂಚಕ ಆರಿದೆಯಾ, ಮುಂದೆ ಸಾಮಾನು ಅಡ್ಡ ಇದೆಯಾ, ಗಮನಿಸಿ.

ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳೋದು ಕನಿಷ್ಠ 90 ನಿಮಿಷದ ಬೆಳಕು. ಅಷ್ಟು ಹೊತ್ತು ಉರಿಸಿ ನೋಡಿ; ನಡುವೆ ಆರಿದರೆ ರಿಪೇರಿ ಮಾಡಿಸಿ. ಪರೀಕ್ಷೆಯಲ್ಲಿ ಬ್ಯಾಟರಿ ಖಾಲಿಯಾಗುತ್ತೆ; ಆದ್ದರಿಂದ ಜನ ಇಲ್ಲದ ರಜಾದಿನದಲ್ಲಿ ಮಾಡಿ.

ದಿನಾಂಕ, ದೋಷ, ರಿಪೇರಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ.

ನಾಳೆ ಆಫೀಸಿಗೆ ಹೋದ ಕೂಡಲೇ ಕೇಳಿ: ಕೊನೆಯ ಪರೀಕ್ಷೆ ಯಾವಾಗ ಆಯ್ತು?