ವಿದುರಾಶ್ವತ್ಥದಲ್ಲಿ ಒಂದು ನಿಮಿಷ

ಹಿಂದೂಪುರದಲ್ಲಿ ಬೆಂಗಳೂರು ಪ್ಯಾಸೆಂಜರ್ ಹತ್ತುವವರಿಗೆ ಸೀಟು ಹಿಡಿಯುವುದೇ ಒಂದು ಕಸುಬು. ಗಾಡಿ ನಿಲ್ಲುವ ಮೊದಲೇ ಕಿಟಕಿ ಕಂಬಿಯ ಸಂದಿನಲ್ಲಿ ಕರ್ಚೀಫು ತೂರಿಸಿರಬೇಕು. ಗೌರಿಬಿದನೂರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ ನಾನು ಇಪ್ಪತ್ತೆರಡು ವರ್ಷ ಹೀಗೆ ಕರ್ಚೀಫು ತೂರಿಸಿದವನು.

ಊರು ಆಂಧ್ರದ್ದು, ಸ್ಟೇಷನ್ನು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗದ್ದು. ನಮ್ಮ ಮನೆಮಾತು ಕನ್ನಡ, ಸಂತೆಮಾತು ತೆಲುಗು ಇದ್ದ ಹಾಗೆ. ದೇವರಪಲ್ಲಿ ಕಳೆದು ವಿದುರಾಶ್ವತ್ಥ ಬಂತೆಂದರೆ ಕರ್ನಾಟಕ. ಗಡಿ ಯಾವಾಗ ದಾಟಿತು ಎಂದು ಯಾರೂ ನೋಡುವುದಿಲ್ಲ. ಕಡಲೆಕಾಯಿ ಸಿಪ್ಪೆ ಎರಡೂ ರಾಜ್ಯದಲ್ಲಿ ಸಮನಾಗಿ ಬೀಳುತ್ತದೆ.

ವಿದುರಾಶ್ವತ್ಥ ಸಣ್ಣ ಸ್ಟೇಷನ್ನು. ಎಕ್ಸ್‌ಪ್ರೆಸ್ಸುಗಳು ಕೂಗಿಕೊಂಡು ಹೋಗಿಬಿಡುತ್ತವೆ, ಪ್ಯಾಸೆಂಜರ್ ನಿಲ್ಲುತ್ತದೆ. ಒಂಟಿ ಹಳಿಯ ಕಾಲದಲ್ಲಿ ಎದುರು ಗಾಡಿ ದಾಟುವವರೆಗೆ ದಾರಿಯ ಯಾವುದಾದರೂ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ಬಿದ್ದಿರಬೇಕಿತ್ತು. ‘ಕ್ರಾಸಿಂಗ್’ ಎಂದರೆ ಸಾಕು, ನಾನು ಮಕ್ಕಳ ಪುಸ್ತಕ ತೆಗೆದು ತಿದ್ದಲು ಕೂರುತ್ತಿದ್ದೆ. ಜೋಡಿ ಹಳಿ ಬಂದ ಮೇಲೆ ಆ ಪುಸ್ತಕಗಳನ್ನು ಮನೆಗೆ ಹೊರುವುದಾಯಿತು.

1890ರ ದಶಕದಲ್ಲಿ ಇಲ್ಲಿ ಮೀಟರ್‌ಗೇಜ್ ಹಳಿ ಬಿದ್ದಾಗ ಬೆಂಗಳೂರಿನಿಂದ ಗಡಿಯವರೆಗಿನ ತುಂಡು ಮೈಸೂರು ಸಂಸ್ಥಾನದ್ದು. ಆಚೆ ಮದ್ರಾಸ್ ಪ್ರಾಂತ್ಯ. ಗಾಡಿ ಓಡಿಸಿದ್ದು ಮಾತ್ರ ಒಂದೇ ಕಂಪನಿ, ಸದರ್ನ್ ಮರಾಠಾ ರೈಲ್ವೆ. ರೈಲಿಗೆ ಲೆಕ್ಕಕ್ಕಿಲ್ಲದ ಆ ಗೆರೆ ಜನರ ಜೀವ ತೆಗೆದಿದೆ. 1938ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದು ರಾಜಾಜಿಯವರ ಕಾಂಗ್ರೆಸ್ ಸರ್ಕಾರವೇ. ಮೈಸೂರು ಸೀಮೆಯಲ್ಲಿ ಅದೇ ಕಾಂಗ್ರೆಸ್ಸಿನ ಬಾವುಟ ಏರಿಸಲು ನಿಷೇಧ. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎನ್ನುತ್ತಾರೆ ಇಲ್ಲಿಯವರು. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು. ಅವರು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಮೇಲೆ ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು. ಹಿಂದೂಪುರಕ್ಕೂ ಅಲ್ಲಿಗೂ ನಡುವೆ ಇರುವುದು ಒಂದೇ ಸ್ಟೇಷನ್ನು.

ಗಾಡಿ ಇಳಿಯುವವರಲ್ಲಿ ಹೆಚ್ಚಿನವರು ಬರುವುದು ನಾಗಪ್ಪನಿಗೆ. ವಿದುರ ನೆಟ್ಟದ್ದೆಂಬ ಅರಳಿಮರ 2001ರಲ್ಲಿ ಉರುಳಿತು. ಮಕ್ಕಳಿಗಾಗಿ ಹರಕೆ ಹೊತ್ತವರು ನಿಲ್ಲಿಸಿದ ಸಾವಿರಾರು ನಾಗರಕಲ್ಲುಗಳು ಇವೆ, ಇನ್ನೂ ಬರುತ್ತಿವೆ.

ಒಂದು ಸಲ ಹೀಗೇ ಒಂದು ಕಲ್ಲು ನಮ್ಮ ಡಬ್ಬಿಗೆ ಬಂತು. ಒದ್ದೆ ಗೋಣಿಯಲ್ಲಿ ಸುತ್ತಿದ್ದರು, ತುದಿಯಲ್ಲಿ ಅರಿಶಿನ ಹತ್ತಿದ ಹೆಡೆ ಕಾಣುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಮೂವತ್ತು ದಾಟದವರು.

“ಸೀಟಿನ ಕೆಳಗಿಡಮ್ಮ, ನೀನು ಕೂತ್ಕೋ” ಎಂದೆ.

“ಕಾಲ್ತಾವ ಬ್ಯಾಡ ಸಾ, ದೇವ್ರು” ಎಂದು ಆಕೆ ಕಲ್ಲನ್ನು ಸೀಟಿನ ಮೇಲೆ ಕೂರಿಸಿ, ತಾನು ನಿಂತಳು. ಬೇರೆ ದಿನವಾಗಿದ್ದರೆ ಆ ಸೀಟಿಗೆ ಜಗಳವೇ ಆಗುತ್ತಿತ್ತು.

ವಿದುರಾಶ್ವತ್ಥದಲ್ಲಿ ಗಂಡ ಮೊದಲು ಇಳಿದು ಎರಡೂ ಕೈ ಚಾಚಿದ. ಬಾಗಿಲಲ್ಲಿದ್ದ ನಾವು ಮೂವರು ಕೈ ಕೊಟ್ಟು ಕಲ್ಲನ್ನು ಇಳಿಸಿದೆವು. “ನಿಧಾನ, ನಿಧಾನ” ಎನ್ನುತ್ತಲೇ ಆಕೆಯೂ ಇಳಿದಳು. ಗಾಡಿ ಹೊರಟಿತು. ಸೀಟಿನ ಮೇಲೆ ಗೋಣಿಯ ಒದ್ದೆ ಗುರುತು, ಚೂರು ಅರಿಶಿನ. ನಿಂತವರು ಹತ್ತು ಜನರಿದ್ದರೂ ಗೌರಿಬಿದನೂರಿನವರೆಗೆ ಅಲ್ಲಿ ಯಾರೂ ಕೂರಲಿಲ್ಲ.