ಹೊಸ ಹೆಲ್ಮೆಟ್‌ಗೆ ಹಳೆಯ ಪೆಟ್ಟು

‘ಕಾಮಿಕ್ ಕಾನ್‌ಗೆಂದು ಬೋಬಾ ಫೆಟ್‌ನ ಹೆಲ್ಮೆಟ್ ಮಾಡಿದ್ದೇನೆ. ಕಂದು ಬಣ್ಣ ಎಷ್ಟು ಬಳಿದರೂ ಆಟಿಕೆಯ ಹಾಗೇ ಕಾಣುತ್ತದಲ್ಲ, ಯಾಕೆ?’ ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ.

1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಈ ಬಾಡಿಗೆ ಬೇಟೆಗಾರನ ವೇಷ ಮೊದಲು ಅಚ್ಚ ಬಿಳಿಯಾಗಿತ್ತು. ಚಿತ್ರದ ಕಲಾವಿದ ಜೋ ಜಾನ್‌ಸ್ಟನ್ ಅದಕ್ಕೆ ಬಣ್ಣದ ಜತೆಗೆ ಗೀರು, ಪೆಟ್ಟುಗಳನ್ನೂ ಕೊಟ್ಟು ಅದಕ್ಕೊಂದು ಗತಕಾಲವನ್ನೇ ಕಟ್ಟಿದರು. ಹಸಿರು ಎದ್ದುಹೋದಲ್ಲೆಲ್ಲ ಬೆಳ್ಳಿಬಣ್ಣ ಇಣುಕುತ್ತದೆ. ಕಂದು ಬಳಿದರೆ ಕೊಳೆ ಬಂದೀತು, ಸವೆತ ಬಾರದು.

ಸವೆತಕ್ಕೆ ನನ್ನ ಮೆಚ್ಚಿನ ಉಪಾಯ ಹೇರ್‌ಸ್ಪ್ರೇ. ಬೆಳ್ಳಿಬಣ್ಣ ಒಣಗಿದ ಮೇಲೆ ವಾರ್ನಿಷ್ ಹೊಡೆದು, ಅದರ ಮೇಲೆ ಹೇರ್‌ಸ್ಪ್ರೇ, ಆಮೇಲೆ ತೆಳುವಾಗಿ ಹಸಿರು ಅಕ್ರಿಲಿಕ್. ಹಸಿರು ಮುಟ್ಟುವಷ್ಟು ಒಣಗುತ್ತಲೇ ಅಂಚಿಗೆ ಬೆಚ್ಚನೆಯ ನೀರು ಸವರಿ. ತೆಳು ಪದರದೊಳಗೆ ನೀರಿಳಿದು, ನೀರಿನಲ್ಲಿ ಕರಗುವ ಹೇರ್‌ಸ್ಪ್ರೇಯ ಅಂಟು ಸಡಿಲವಾಗುತ್ತದೆ. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದರೆ ಹಸಿರು ಚಕ್ಕೆಚಕ್ಕೆಯಾಗಿ ಏಳುತ್ತದೆ. ಯಾವ ಚಕ್ಕೆ ಎಲ್ಲಿ ಒಡೆದೀತೆಂದು ನಮಗೂ ಗೊತ್ತಿರುವುದಿಲ್ಲ. ಕೈಯಿಂದ ಬರೆದ ಗೀರಿಗೆ ಈ ಅಡ್ಡಾದಿಡ್ಡಿತನ ಬರುವುದು ಕಷ್ಟ.

ಇನ್ನು ಕೊಳೆ. ಎಣ್ಣೆಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ನೀರಾಗಿಸಿ ಹಚ್ಚಿದರೆ, ಬತ್ತಿಗೆ ಎಣ್ಣೆ ಏರುವಂತೆ ಅದು ತಾನಾಗಿಯೇ ಸಂದುಗಳಿಗೆ ಹರಿಯುತ್ತದೆ. ಚೆನ್ನಾಗಿ ಒಣಗಿದ ಅಕ್ರಿಲಿಕ್ ವೈಟ್ ಸ್ಪಿರಿಟ್‌ಗೆ ಜಗ್ಗದು, ಆದ್ದರಿಂದ ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಬಹುದು. ಆದರೆ ಪ್ಲಾಸ್ಟಿಕ್ ಬರಿದಾಗಿದ್ದರೆ ಎಚ್ಚರ, ಬಿಗಿದ ಜಾಗದಲ್ಲಿ ಬಿರುಕು ಬಿಟ್ಟೀತು. ಈ ಹಂತದವರೆಗೆ ಹೊಳಪಿನ ವಾರ್ನಿಷ್ ಇರಲಿ; ತರಿ ಮೈಮೇಲೆ ಕೊಳೆ ಎಲ್ಲೆಡೆ ಕಲೆಯಾಗಿ ನಿಲ್ಲುತ್ತದೆ.

ಮ್ಯಾಟ್ ವಾರ್ನಿಷ್ ಕೊನೆಗೆ. ಆಟಿಕೆಯ ನೋಟ ಹೋಗುವುದು ಇದರಿಂದಲೇ. ನುಣುಪು ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಮ್ಯಾಟ್‌ನಲ್ಲಿರುವ ಸಿಲಿಕಾದಂಥ ಸಣ್ಣ ಕಣಗಳು ಮೈಯನ್ನು ತರಿಯಾಗಿಸಿ ಬೆಳಕನ್ನು ಚದುರಿಸುತ್ತವೆ. ಕೈ ತಾಗಿ ನುಣುಪಾಗುವ ಅಂಚುಗಳಿಗೆ ಮಾತ್ರ ಪೆನ್ಸಿಲ್ ಸೀಸದ ಪುಡಿ ತಿಕ್ಕಿ. ಗ್ರಾಫೈಟ್‌ನ ಪದರಗಳು ಜಾರಿ ಚಪ್ಪಟೆಯಾಗಿ ಮಲಗಿದಾಗ ಥೇಟ್ ಕಬ್ಬಿಣದ ಮಿರುಗು.

‘ರಸ್ಟ್ ಎಫೆಕ್ಟ್’ ಎಂಬ ದುಬಾರಿ ಸೀಸೆಗಳ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಕಿತ್ತಳೆ ತುಕ್ಕು ಕಬ್ಬಿಣ, ಉಕ್ಕಿನದು. ಅಲ್ಯೂಮಿನಿಯಂ ಬಿಳಿಚಿಕೊಳ್ಳುತ್ತದೆ, ತಾಮ್ರ ಹಸಿರಾಗುತ್ತದೆ. ಕಂಡದ್ದಕ್ಕೆಲ್ಲ ಕಿತ್ತಳೆ ಮೆತ್ತುವವರು ಇದನ್ನು ಮರೆಯುತ್ತಾರೆ.

ಅಂದಹಾಗೆ, ಎಣ್ಣೆಬಣ್ಣ ಗಟ್ಟಿಯಾಗುವುದು ಗಾಳಿಯ ಆಮ್ಲಜನಕದ ಜತೆ ಕೂಡಿ. ಅದಕ್ಕೆ ದಿನಗಳೇ ಹಿಡಿಯುತ್ತವೆ. ಶನಿವಾರದ ಮೇಳಕ್ಕೆ ಶುಕ್ರವಾರ ರಾತ್ರಿ ಕೂತವರು ಕೊಳೆಯನ್ನು ನೀರಾಗಿಸಿದ ಅಕ್ರಿಲಿಕ್‌ನಲ್ಲೇ ಮುಗಿಸುವುದು ಕ್ಷೇಮ.